ತಮ್ಮ ಹೋದ ದಾರಿಯ ಅಂಗಡಿಗಳು

ಓಣಿಯವರಿಗೆಲ್ಲ ಅವಳು ಜಿಪ್ಪಕ್ಕ. ಹೊಸ ಬಟ್ಟೆ ಹೊಲಿದವಳೇ ಅಲ್ಲ. ಕಿತ್ತುಹೋದ ಜಿಪ್ಪು, ಬಿಗಿಯಾದ ಸೊಂಟ, ನೆಲ ಗುಡಿಸುವಷ್ಟು ಉದ್ದದ ಪ್ಯಾಂಟು, ಅಸ್ತರು ಹರಿದ ಕೋಟು, ಇಂಥವೇ ಅವಳ ಮುಂದಿನ ಕೋಣೆಗೆ ಬಂದು ಬೀಳುತ್ತಿದ್ದವು. ಬಗ್ಗಿಸಿದ ತಲೆ ಎತ್ತದೆ, ತುಟಿಯ ನಡುವೆ ಎರಡು ಗುಂಡುಪಿನ್ನು ಕಚ್ಚಿಕೊಂಡೇ "ಗುರುವಾರ ಬನ್ನಿ" ಅನ್ನುತ್ತಿದ್ದಳು. ಪಿನ್ನುಗಳ ಸಂದಿಯಿಂದ ತೂರಿ ಬರುವ ಆ ಮಾತು ಹೊಸಬರಿಗೆ ಅರ್ಥವಾಗುತ್ತಿರಲಿಲ್ಲ. ಹಳಬರು ಗುರುವಾರಕ್ಕೆ ಬಂದು ನಿಲ್ಲುತ್ತಿದ್ದರು.

ವಯಸ್ಸು ಐವತ್ತೆರಡು. ಈ ಮಹಾನಗರಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಅವಳು ಕಂಡ ಊರು ಅಂಗೈಯಗಲದ್ದು: ಓಣಿ, ಅದರ ತುದಿಯ ದಾರದಂಗಡಿ, ತರಕಾರಿ ಮಾರುಕಟ್ಟೆ, ಸರ್ಕಾರಿ ಆಸ್ಪತ್ರೆ. ಅದರಾಚೆ ಬಸ್ಸುಗಳು ಎಲ್ಲಿಗೆ ಹೋಗುತ್ತವೆ ಅನ್ನುವ ಉಸಾಬರಿ ಅವಳಿಗೆ ಬೇಕಿರಲಿಲ್ಲ. ಹೊರಗಿನ ಹೋಟ್ಲಿನಲ್ಲಿ ಕೂತು ಉಂಡವಳೂ ಅಲ್ಲ.

ಮನೆಯಲ್ಲಿ ಇನ್ನೊಬ್ಬನಿದ್ದ. ತಮ್ಮ, ಅವಳಿಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಮೂರು ವರ್ಷದವನಿದ್ದಾಗ ಬಂದ ಜ್ವರ ಅವನ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಕಿವಿಯ ಹಿಂದೆ ಮಾತೂ ಹೋಯಿತು. ಅವನಿಗೆ ಒಂಬತ್ತಾದಾಗ ಅಮ್ಮ ತೀರಿಕೊಂಡಳು. ಅಲ್ಲಿಂದ ಅವನಿಗೆ ಅಕ್ಕನೇ ಅಮ್ಮ, ಅಕ್ಕನೇ ಕಿವಿ, ಅಕ್ಕನೇ ಬಾಯಿ. ಹತ್ತನೇ ವರ್ಷಕ್ಕೆ ಕಿವುಡರ ಶಾಲೆಯೊಂದಕ್ಕೆ ಸೇರಿಸಿ ಬಂದಿದ್ದಳು. ನಾಲ್ಕೇ ದಿನಕ್ಕೆ ಹೋಗಿ ವಾಪಸ್ ಕರೆತಂದಳು. "ಅಳ್ತಾನೆ ಪಾಪ" ಅಂದಿದ್ದಳು ಕೇಳಿದವರಿಗೆ. ಅತ್ತದ್ದು ಅವನೋ ತಾನೋ, ಈಗ ಅವಳಿಗೂ ಸರಿಯಾಗಿ ನೆನಪಿಲ್ಲ. ಒಮ್ಮೆ ಗಂಡಿನ ಕಡೆಯವರು ಬಂದು, ಎಲ್ಲ ಮಾತು ಮುಗಿದ ಮೇಲೆ, "ಆ ಹುಡುಗ ಎಲ್ಲಿರ್ತಾನೆ?" ಅಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ ಅವಳು ಮದುವೆಯ ಮಾತನ್ನೇ ಎತ್ತಲಿಲ್ಲ.

ಅಕ್ಕ ತಮ್ಮನ ನಡುವೆ ಸುಮಾರು ಇನ್ನೂರು ಸನ್ನೆಗಳಿದ್ದವು, ಅವರಿಬ್ಬರೇ ಮಾಡಿಕೊಂಡಿದ್ದು. ಗಾಳಿಯಲ್ಲಿ ಸೂಜಿ ಚುಚ್ಚಿದರೆ ಅಕ್ಕ. ಕೈಯೆರಡನ್ನು ಮಾಡಿನ ಹಾಗೆ ಜೋಡಿಸಿದರೆ ಮನೆ. ಮನೆಗೆ ಬಂದವರು ಅವನತ್ತ ತಿರುಗಿ "ಏನಪ್ಪಾ, ಚೆನ್ನಾಗಿದೀಯಾ?" ಅಂತ ತಲೆ ಅಲ್ಲಾಡಿಸಿದರೆ, ಅವನು ಕೈ ಎತ್ತುವುದರೊಳಗೆ ಅವಳೇ, "ಚೆನ್ನಾಗಿದಾನೆ, ಸ್ವಲ್ಪ ಕೆಮ್ಮು" ಅಂದುಬಿಡುತ್ತಿದ್ದಳು. ಅದರಲ್ಲಿ ಅವಳಿಗೆ ಹೆಮ್ಮೆಯೂ ಇತ್ತು.

ಅವಳು ರಿಪೇರಿ ಮಾಡಿದ ಬಟ್ಟೆಗಳ ಗಂಟನ್ನು ಅವನು ಅಂಗಡಿಗಳಿಗೆ ತಲುಪಿಸಿ ಬರುತ್ತಿದ್ದ. ಉಳಿದ ಹೊತ್ತೆಲ್ಲ ಬಣ್ಣ. ಅಂಗಿ ಡಬ್ಬದ ರಟ್ಟು, ಕತ್ತರಿಸಿ ಉಳಿದ ಅಸ್ತರಿನ ತುಂಡು, ಏನು ಸಿಕ್ಕರೂ ಅದರ ಮೇಲೆ. ಒಳಕೋಣೆಯ ಉದ್ದನೆ ಗೋಡೆಯನ್ನಂತೂ ಎಂಟು ವರ್ಷದಿಂದ ತುಂಬಿಸುತ್ತಾ ಬಂದಿದ್ದ. ಅಲ್ಲಿ ಒಂದು ಊರೇ ಇತ್ತು. ಅಂಗಡಿ ಸಾಲು, ಮೇಜು ಹಾಕಿಕೊಂಡು ಉಣ್ಣುವ ಜನ, ಏಣಿ ಹತ್ತಿ ಬೋರ್ಡು ಬರೆಯುವವನು, ತಲೆಯ ಮೇಲೆ ಚೌಕಟ್ಟು ಹೊತ್ತು ನಡೆಯುವ ಹೆಂಗಸು. ಎಲ್ಲರ ಕೈಗಳೂ ಮೈಗಿಂತ ಕೊಂಚ ದೊಡ್ಡವು. ಅಷ್ಟು ನೀಲಿ ಯಾಕೆ ಸುರಿಯುತ್ತಾನೋ ಅಂತ ಅವಳು ಗೊಣಗುತ್ತಿದ್ದಳು. ಆ ಊರು ಯಾವುದು ಅಂತ ಮಾತ್ರ ಯಾವತ್ತೂ ಕೇಳಿರಲಿಲ್ಲ. ತಲೆಯಲ್ಲಿ ಹುಟ್ಟಿದ್ದು ಅಂದುಕೊಂಡಿದ್ದಳು.

ಮನೆಯ ಯಜಮಾನ ಸತ್ತು ಅವನ ಮಗ ವಹಿಸಿಕೊಂಡ. ಬಂದವನು ಗೋಡೆ ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಏನ್ರೀ ಇದು, ಗೋಡೆ ತುಂಬಾ ಗೀಚಿಟ್ಟಿದೀರಿ? ತಿಂಗಳೊಳಗೆ ಬಿಳಿ ಬಣ್ಣ ಹೊಡೆಸ್ಬೇಕು. ಇಲ್ಲಾಂದ್ರೆ ಬೇರೆ ಮನೆ ನೋಡ್ಕೊಳ್ಳಿ."

ತಮ್ಮನಿಗೆ ಹೇಗೆ ಹೇಳುವುದು? ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಅಂತ ಮೂರು ವಾರ ದೂಡಿದಳು. ಕೊನೆಗೆ ಒಂದು ಬೆಳಿಗ್ಗೆ ಅವನ ಕೈಗೆ ದೊಡ್ಡ ಗಂಟು ಕೊಟ್ಟು ದೂರದ ಅಂಗಡಿಗೆ ಕಳಿಸಿದಳು. ಅವನು ತಿರುವಿನಲ್ಲಿ ಮರೆಯಾದದ್ದೇ ತಡ, ಗೊತ್ತು ಮಾಡಿದ್ದ ಪೇಂಟರ್ ಬಂದ. ಮಧ್ಯಾಹ್ನದೊಳಗೆ ಎರಡು ಕೋಟು ಬಿಳಿ ಬಣ್ಣ ಮುಗಿಯಿತು.

ತಮ್ಮ ಬಂದ. ಗೋಡೆಯ ಮುಂದೆ ನಿಂತ. ಅಂಗೈಯಿಟ್ಟು ನೋಡಿದ, ಕೈ ಬೆಳ್ಳಗಾಯಿತು. ಕೂಗಲಿಲ್ಲ, ಎಸೆಯಲಿಲ್ಲ. ನಲ್ಲಿಯ ಕೆಳಗೆ ತುಂಬ ಹೊತ್ತು ಕೈ ತೊಳೆದ. ಬಡಿಸಿದ್ದನ್ನು ಉಂಡ. ಅವಳು "ಯಜಮಾನ, ಸಿಟ್ಟು, ಮನೆ ಹೋಗುತ್ತೆ" ಅಂತ ಸನ್ನೆ ಮಾಡಿ ಹೇಳಿದಳು. ಅವನು ಅವಳ ಕೈಗಳನ್ನು ನೋಡಲಿಲ್ಲ. ಮರುದಿನ ಬೆಳಿಗ್ಗೆ ಅವಳು ಎದ್ದಾಗ ಅವನ ಹಾಸಿಗೆ ಮಡಿಸಿತ್ತು. ಎರಡು ಅಂಗಿ, ಕುಂಚಗಳ ಕಟ್ಟು, ಚಪ್ಪಲಿ, ಯಾವುದೂ ಇರಲಿಲ್ಲ.

ಮೊದಲೆರಡು ದಿನ ಅವಳು ಹುಚ್ಚಿಯ ಹಾಗೆ ತಿರುಗಿದಳು. ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆಯ ಸಾಲುಸಾಲು ಹಾಸಿಗೆ. ಬೇರೆಯವರು ಕಳೆದುಹೋದವರನ್ನು ಹೆಸರು ಹಿಡಿದು ಕೂಗಿ ಹುಡುಕುತ್ತಾರೆ. ಅವಳಿಗೆ ಆ ಭಾಗ್ಯವೂ ಇರಲಿಲ್ಲ. ಸಾವಿರ ಜನರ ನಡುವೆ ಗಂಟಲು ಹರಿಯುವಂತೆ ಕೂಗಿದರೂ ಅವನೊಬ್ಬನಿಗೆ ಕೇಳಿಸುವುದಿಲ್ಲ. ಪ್ರತಿ ಬೆನ್ನನ್ನೂ ಹಿಂದಿಕ್ಕಿ ಹೋಗಿ, ತಿರುಗಿ, ಮುಖ ನೋಡಬೇಕು.

ಠಾಣೆಯಲ್ಲಿ ಪೊಲೀಸಿನವನು ಪೆನ್ನು ಹಿಡಿದು ಕೂತಿದ್ದ. "ವಯಸ್ಸು?"

"ಮೂವತ್ತೆಂಟು."

"ಮೂವತ್ತೆಂಟಾ? ನೀವು ಹೇಳೋದು ನೋಡಿ ನಾನೇನೋ ಎಂಟು ಅಂದ್ಕೊಂಡೆ. ಫೋನಿದೆಯಾ ಅವರ ಹತ್ರ?"

"ಅವನಿಗೆ ಕಿವಿ ಕೇಳ್ಸಲ್ಲ ಸ್ವಾಮಿ. ಓದೋಕೂ ಬರಲ್ಲ. ನಾನಿಲ್ದೆ ಅವನಿಗೆ ಒಂದು ತುತ್ತು ಅನ್ನ ಕೇಳ್ಕೊಂಡು ತಿನ್ನೋಕಾಗಲ್ಲ."

"ಬರ್ಕೊಂಡಿದೀನಮ್ಮ. ಸಿಕ್ಕಿದ್ರೆ ಫೋನ್ ಮಾಡ್ತೀವಿ."

ಮೂರನೇ ದಿನ ಅವನ ಮಂಚದಡಿ ತಡಕಾಡುವಾಗ ಖಾಲಿ ಬಣ್ಣದ ಬಾಟಲಿಗಳಿದ್ದ ಒಂದು ಕಾಗದದ ಚೀಲ ಸಿಕ್ಕಿತು. ಮೇಲೆ ಅಂಗಡಿಯ ವಿಳಾಸ ಅಚ್ಚಾಗಿತ್ತು. ಇಷ್ಟು ವರ್ಷ ಬಣ್ಣ ಎಲ್ಲಿಂದ ತರುತ್ತಾನೆ ಅಂತ ಅವಳು ಯೋಚಿಸಿರಲೇ ಇಲ್ಲ. ಚೀಲವನ್ನು ಕಂಡಕ್ಟರಿಗೆ ತೋರಿಸುತ್ತಾ ಎರಡು ಬಸ್ಸು ಬದಲಿಸಿ ಹೋದಳು.

ಅದು ಬಾಗಿಲಷ್ಟೇ ಅಗಲದ, ಸುರಂಗದಷ್ಟು ಉದ್ದದ ಅಂಗಡಿ. ಎರಡೂ ಬದಿ ಸೂರಿನವರೆಗೆ ಬಣ್ಣದ ಬಾಟಲಿ, ಸೀಮೆಣ್ಣೆಯಂಥ ವಾಸನೆ. ತುದಿಯಲ್ಲಿ ದಪ್ಪ ಕನ್ನಡಕದ ಮುದುಕನೊಬ್ಬ ಕುಂಚದ ಕೂದಲು ಬಾಚುತ್ತಿದ್ದ. ಅವಳು ತಮ್ಮನ ಎತ್ತರ, ಹಣೆಯ ಕಲೆ, ಎಡಗಡೆ ಬೈತಲೆ ಎಲ್ಲ ವಿವರಿಸಿ, ಕಿವಿ ಮುಟ್ಟಿ ತೋರಿಸುವಷ್ಟರಲ್ಲಿ ಮುದುಕನ ಮುಖ ಅರಳಿತು.

"ಓ, ನೀಲಿ ಸಾಹೇಬ್ರು! ಹನ್ನೆರಡು ವರ್ಷದ ಗಿರಾಕಿ. ಬೇರೆ ಬಣ್ಣ ಒಂದು ತಗೊಂಡ್ರೆ ನೀಲಿ ನಾಲ್ಕು."

"ಅವನು... ಹೇಗೆ ಕೇಳ್ತಿದ್ದ ಅಜ್ಜ?"

"ಬೇಕಾದ್ದು ತೋರಿಸ್ತಿದ್ರು. ಬೇಡವಾದ್ದಕ್ಕೆ ಮೂಗು ಮುರೀತಿದ್ರು. ಮಾತಾಡೋ ಗಿರಾಕಿಗಳು ನನ್ನ ತಲೆ ತಿಂತಾರೆ, ಅವರದ್ದು ಎರಡು ನಿಮಿಷದ ಕೆಲಸ."

"ನಾನು ಅವನ ಅಕ್ಕ. ಅವನ ಬಾಯಿ ನಾನೇ."

"ಹೌದಾ?" ಮುದುಕ ಕನ್ನಡಕದ ಮೇಲಿನಿಂದ ನೋಡಿದ. "ಯಾವಾಗ್ಲೂ ಒಬ್ರೇ ಬರ್ತಿದ್ರಲ್ಲ."

ಕೆಟ್ಟದ್ದೇನೂ ಅಂದಿರಲಿಲ್ಲ ಆತ. ಆದರೂ ಗುಂಡುಪಿನ್ನೊಂದು ಗಂಟಲಿಗಿಳಿದಂತಾಯಿತು. ಈ ವಾರ ಬಂದಿಲ್ಲ ಅಂದ ಮುದುಕ. "ಹಿಂದಿನ ಗಲ್ಲಿಗಳಲ್ಲಿ ವಿಚಾರಿಸಿ. ಅಲ್ಲೆಲ್ಲ ಅವರನ್ನ ಬಲ್ಲವರಿದಾರೆ."

ಹಿಂದಿನ ಗಲ್ಲಿಗೆ ಕಾಲಿಟ್ಟವಳು ನಿಂತಲ್ಲೇ ನಿಂತಳು. ಸಾಲು ಅಂಗಡಿ, ಏಣಿಯ ಮೇಲೆ ಬೋರ್ಡು ಬರೆಯುವವನು, ಬೀದಿಗೆ ಮೇಜು ಹಾಕಿಕೊಂಡು ಉಣ್ಣುತ್ತಿರುವ ಜನ. ಗೋಡೆಯ ಮೇಲಿನ ಊರು! ತಲೆಯಲ್ಲಿ ಹುಟ್ಟಿದ್ದಲ್ಲ, ಎರಡು ಬಸ್ಸಿನಾಚೆ ಇಷ್ಟು ವರ್ಷವೂ ಇತ್ತು. ಅವನು ಮನೆಗೆ ಬಂದು ಎಂಟು ವರ್ಷ ಅವಳಿಗೆ ಅದನ್ನೇ ಹೇಳುತ್ತಿದ್ದ. ಅವಳು ಅದರ ಮೇಲೆ ಎರಡು ಕೋಟು ಹೊಡೆಸಿದ್ದಳು.

ಅಲ್ಲೇ ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟಳು.

ಎರಡು ದಿನ ಆ ಗಲ್ಲಿಗಳನ್ನು ಬಾಗಿಲು ಬಿಡದೆ ಅಲೆದಳು. ಮಣ್ಣಿನ ಬೊಂಬೆಗಳ ಕಣ್ಣು ಬರೆಯುವವಳ ಹತ್ತಿರ ಹೋದಳು. ಕೈಯಿಂದ ಅಚ್ಚೊತ್ತಿದ ಕಾಗದಗಳನ್ನು ಹಗ್ಗಕ್ಕೆ ಒಣಹಾಕಿದ್ದ ಗಂಡಹೆಂಡಿರನ್ನು ಕೇಳಿದಳು. ಹರಿದ ಚಿತ್ರಗಳನ್ನು ರಿಪೇರಿ ಮಾಡುವ ಒಬ್ಬ, ಅವಳ ಕಸುಬು ಕೇಳಿ, "ಹಾಗಾದ್ರೆ ನಾವಿಬ್ರೂ ಒಂದೇ ಜಾತಿ ಬಿಡಿ, ಹರಿದದ್ದು ಕೂಡಿಸೋರು" ಅಂತ ಕುರ್ಚಿ ಕೊಟ್ಟ. ಬೇರೆ ದಿನವಾಗಿದ್ದರೆ ಅವಳು ಆ ಬೊಂಬೆಗಳ ಮುಂದೆ ಬಾಯಿ ಬಿಟ್ಟು ನಿಲ್ಲುತ್ತಿದ್ದಳೇನೋ. ಈಗ ಪ್ರತಿ ಅಂಗಡಿಯೂ ಅವಳಿಗೆ ಒಂದು ಪ್ರಶ್ನೆ, ಒಂದು "ಇಲ್ಲ". ಕೆಲವರು "ಹಾಂ, ಅವರಾ? ಬರ್ತಾರೆ, ನಗ್ತಾರೆ" ಅಂದರು. ತನ್ನ ತಮ್ಮ ಹೊರಗೆ ನಗುತ್ತಾನೆ ಅನ್ನುವುದು ಹೊಸ ಸುದ್ದಿ.

ಎರಡನೇ ದಿನ ಮಧ್ಯಾಹ್ನ ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದುಕೊಂಡಳು. ಎದುರಿನ ಮೂರು ಮೇಜಿನ ಹೋಟ್ಲಿನಿಂದ ಸೌಟು ಹಿಡಿದ ದಪ್ಪನೆ ಹೆಂಗಸೊಬ್ಬಳು ಓಡಿಬಂದು ರಟ್ಟೆ ಹಿಡಿದಳು. ಆ ಗಲ್ಲಿಯವರು ಅವಳನ್ನು ಊಟದಮ್ಮ ಅನ್ನುತ್ತಿದ್ದರು.

"ಯಾವಾಗ ತಿಂದಿದ್ದು ನೀವು?"

"ಹಸಿವಿಲ್ಲ."

"ಹಸಿವು ನಿಮ್ಮನ್ನ ಕೇಳ್ಕೊಂಡು ಬರುತ್ತಾ? ಕೂತ್ಕೊಳ್ಳಿ." ಕೂರಿಸಿ ಮುಂದೆ ಒಂದು ರಟ್ಟು ಸರಿಸಿದಳು. "ಏನು ಬೇಕು, ಬೆರಳಿಟ್ಟು ತೋರಿಸಿ. ಬಾಯಿ ನೋಯಿಸ್ಕೊಬೇಡಿ."

ರಟ್ಟಿನ ಮೇಲೆ ಅಕ್ಷರವೇ ಇರಲಿಲ್ಲ. ಮೊಟ್ಟೆ, ಮೀನು, ಹಬೆಯಾಡುವ ಅನ್ನ, ಸೊಪ್ಪು, ಬ್ರೆಡ್ಡು, ಒಂದೊಂದಕ್ಕೂ ಒಂದೊಂದು ಪುಟ್ಟ ಚಿತ್ರ. ತಟ್ಟೆಗಳಿಗೆಲ್ಲ ನೀಲಿ ಅಂಚು. ರಟ್ಟಿನ ಹಿಂದೆ ಅಂಗಿ ಕಂಪನಿಯ ಗುರುತು. ಅವಳ ಮನೆಯಿಂದ ಬಂದ ಡಬ್ಬ.

"ಇದನ್ನ ಬರೆದವನು ನನ್ನ ತಮ್ಮ" ಅಂದಳು.

"ಅಯ್ಯೋ, ಹೌದಾ? ಅವರಿಗೆ ಓದೋಕೆ ಬರಲ್ವಲ್ಲ, ಅದಕ್ಕೇ ಚಿತ್ರ ಬರ್ಕೊಂಡು ಬಂದ್ರು, ಬೆರಳಿಟ್ಟು ತೋರಿಸೋಕೆ. ಈಗ ನೋಡಿ, ಬೇರೆ ದೇಶದಿಂದ ಕೆಲಸಕ್ಕೆ ಬಂದವರೆಲ್ಲ ಇದನ್ನೇ ಕೇಳ್ತಾರೆ." ಊಟದಮ್ಮ ಬಡಿಸುತ್ತಲೇ ಮುಂದುವರಿಸಿದಳು. "ವಾರಕ್ಕೆ ಮೂರು ಸಲ ಬರ್ತಿದ್ರು. ಜೊತೆಗೊಬ್ರು, ಚೌಕಟ್ಟಿಗೆ ಹೂಬಳ್ಳಿ ಕೆತ್ತೋರು. ಅವರೂ ಕೈಮಾತಿನವರೇ. ಇಬ್ರೂ ಕೂತ್ರೆ ಕೈ ಹಾರಾಡೋ ರಭಸಕ್ಕೆ ಲೋಟ ಬೀಳ್ತಿತ್ತು."

ನಾನಿಲ್ಲದೆ ಒಂದು ತುತ್ತು ಅನ್ನ ಕೇಳಲಾರ ಅಂತ ಅವಳು ಠಾಣೆಯಲ್ಲಿ ಬರೆಸಿದ್ದಳು. ಊಟದಮ್ಮ ಎದುರೇ ನಿಂತಿದ್ದಳೆಂದು ಬಾಯಿಗಿಟ್ಟ ತುತ್ತನ್ನು ನುಂಗಿದಳು. ಕೆತ್ತನೆಯವನ ಕಾರ್ಖಾನೆ ಎಲ್ಲಿ ಅಂತ ಊಟದಮ್ಮನಿಗೂ ಖಚಿತವಾಗಿ ಗೊತ್ತಿರಲಿಲ್ಲ. ಯಾರಾದರೂ ಬಲ್ಲವರನ್ನು ವಿಚಾರಿಸಿಡುತ್ತೇನೆ ಅಂದಳು.

ಆರನೇ ದಿನ ಬೆಳಿಗ್ಗೆ ಠಾಣೆಯಿಂದ ಫೋನು ಬಂತು. "ದೊಡ್ಡ ರಸ್ತೆ ದಾಟೋವಾಗ ಒಬ್ರಿಗೆ ಲಾರಿ ಹೊಡೆದಿದೆಯಮ್ಮ. ಹಾರ್ನ್ ಹಾಕಿದ್ರೂ ತಿರುಗಿ ನೋಡ್ಲಿಲ್ಲವಂತೆ. ವಯಸ್ಸು ಹೊಂದುತ್ತೆ. ಒಂದ್ಸಲ ಬಂದು ನೋಡಿ."

ಹಾರ್ನ್ ಹಾಕಿದರೂ ತಿರುಗಿ ನೋಡಲಿಲ್ಲ. ಆ ಮಾತೊಂದೇ ಅವಳ ತಲೆಯಲ್ಲಿ ಗಿರಗಿರ ಸುತ್ತುತ್ತಿತ್ತು. ಶವಾಗಾರದ ಮೊಗಸಾಲೆಯಲ್ಲಿ ನಡೆಯುವಾಗ ಅವಳು ಬೇಡಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. ನಾನೇ ಕೊಂದೆ, ಬಣ್ಣ ಹೊಡೆಸಿ ಕೊಂದೆ ಅಂತ ಹೆಜ್ಜೆಗೊಮ್ಮೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಕೆಲಸದವನು ಬಿಳಿ ಬಟ್ಟೆಯನ್ನು ಕಾಲಿನ ಕಡೆಯಿಂದ ಸರಿಸಿದ. ಕಂದು ಬಣ್ಣದ ಪ್ಯಾಂಟು. ಅವಳ ಕಣ್ಣು ಅಭ್ಯಾಸಬಲದಿಂದ ಕಾಲಂಚಿಗೆ ಹೋಯಿತು. ದೊಡ್ಡದೊಡ್ಡ ಟಾಕು, ಯಾರೋ ಅವಸರದಲ್ಲಿ ಹಾಕಿದ್ದು. ಅವಳ ಹೊಲಿಗೆಯಲ್ಲ. ತಮ್ಮನ ಪ್ಯಾಂಟಿನ ಕಾಲಂಚಿಗೆ ಬೇರೆಯವರು ಯಾವತ್ತೂ ಸೂಜಿ ಹಾಕಿರಲಿಲ್ಲ.

"ಇವನಲ್ಲ" ಅಂದಳು, ಮುಖ ನೋಡುವ ಮೊದಲೇ. ಆಮೇಲೆ ಮುಖವನ್ನೂ ನೋಡಿದಳು. ಯಾರೋ ಪಾಪದವನು.

ಹೊರಗೆ ಬಂದಾಗ ಮೈಯೆಲ್ಲ ಹಗುರಾಗಿ ನಗು ಬಂದುಬಿಟ್ಟಿತು. ನಕ್ಕಳು. ಆ ಟಾಕು ಹಾಕಿದ ಇನ್ನೊಬ್ಬಳು ಈಗ ಎಲ್ಲೋ ಕಾಯುತ್ತಿರಬಹುದು ಅನ್ನಿಸಿದ್ದೇ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಬಂದುಹೋಗುವವರ ಕಾಲುಗಳ ನಡುವೆ, ಗೊಳೋ ಎಂದು ಅತ್ತಳು. ಆರು ದಿನದ ಅಳು ಅದು.

ಎಂಟನೇ ದಿನ ಊಟದಮ್ಮ ಕೊಟ್ಟ ಗುರುತು ಹಿಡಿದು ಚೌಕಟ್ಟಿನ ಕಾರ್ಖಾನೆಗೆ ಹೋದಳು. ಮರದ ಪುಡಿ ಮೊಣಕಾಲೆತ್ತರ ಬಿದ್ದಿತ್ತು. ಕೆತ್ತನೆಯವನೂ ಇರಲಿಲ್ಲ, ತಮ್ಮನೂ ಇರಲಿಲ್ಲ. ಮಾಲೀಕ ಗರಗಸ ನಿಲ್ಲಿಸಿ ಕಿವಿಯಿಂದ ಹತ್ತಿ ತೆಗೆದ.

"ಅವರಿಬ್ರೂ ಒಂದು ದೊಡ್ಡ ಬಂಗ್ಲೆ ಕೆಲಸಕ್ಕೆ ಹೋಗಿದಾರಮ್ಮ, ಇವತ್ತು ರಾತ್ರಿ ಅಲ್ಲೇ ಉಳೀತಾರೆ. ನಿಮ್ಮ ತಮ್ಮ ಈಗ ನಮ್ಮಲ್ಲೇ. ಮಹಡಿ ಮೇಲಿನ ಕೋಣೇಲಿ ಇಬ್ರೂ ಇರ್ತಾರೆ."

ಬದುಕಿದ್ದಾನೆ! ಅವಳು ಕಂಬಕ್ಕೆ ಒರಗಿದಳು. "ಅವನು ಹುಷಾರಾಗಿದಾನಾ? ಊಟ..."

"ಊಟಕ್ಕೇನು! ದಿನಾ ಮೂರು ಗಂಟೆಗೆ ಕೈಮಾತಿನವರ ಹೋಟ್ಲಿಗೆ ಹೋಗ್ತಾರೆ. ಪೀಠೋಪಕರಣದ ಮಾರ್ಕೆಟ್ ಹಿಂದೆ, ಮಹಡಿ ಮೇಲೆ. ನಾಳೆ ಅಲ್ಲಿಗೇ ಹೋಗಿ."

ಮರುದಿನ ಎರಡೂವರೆಗೇ ಅಲ್ಲಿದ್ದಳು. ಕಬ್ಬಿಣದ ಮೆಟ್ಟಿಲು, ಮೇಲೆ ತೆರೆದ ಬಾಗಿಲು. ಮೂರಾಗುವವರೆಗೆ ಕೆಳಗೆ ನಿಂತೇ ಇದ್ದಳು. ಜನ ಒಬ್ಬೊಬ್ಬರಾಗಿ ಹತ್ತಿ ಹೋದರು. ಮೇಲಿನಿಂದ ತಟ್ಟೆಯ ಸದ್ದು, ಕುರ್ಚಿ ಎಳೆಯುವ ಸದ್ದು, ಅಷ್ಟೆ. ತಮ್ಮ ಮೊದಲೇ ಮೇಲೆ ಹೋಗಿರಬಹುದು ಅಂದುಕೊಂಡು ಹತ್ತಿದಳು.

ಒಳಗೆ ಮೂವತ್ತು ನಲವತ್ತು ಜನ ಕಿಕ್ಕಿರಿದು ಕೂತಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಮೂಲೆಯಿಂದ ಮೂಲೆಗೆ, ಒಬ್ಬರ ತಲೆಯ ಮೇಲಿಂದ ಇನ್ನೊಬ್ಬರಿಗೆ, ಕೈಯಲ್ಲಿ, ಹುಬ್ಬಿನಲ್ಲಿ, ಹೆಗಲಿನಲ್ಲಿ. ಒಬ್ಬಳು ಮೇಜು ಕುಟ್ಟಿ ಎಲ್ಲರನ್ನೂ ತನ್ನತ್ತ ತಿರುಗಿಸಿ ಏನೋ ಹೇಳಿದಳು, ಇಡೀ ಕೋಣೆ ನಗೆಯಲ್ಲಿ ಅಲುಗಾಡಿತು. ಅಡಿಗೆಯ ಗಂಡಹೆಂಡತಿ ಕಿಂಡಿಯ ಹಿಂದೆ ನಿಂತು ಅದೇ ಭಾಷೆಯಲ್ಲಿ ಪರಸ್ಪರ ಬೈದುಕೊಳ್ಳುತ್ತಿದ್ದರು. ಮೂವತ್ತೈದು ವರ್ಷ ಕಿವುಡನ ಜೊತೆ ಬಾಳಿದವಳು ಜಿಪ್ಪಕ್ಕ. ಅಲ್ಲಿನ ಒಂದೇ ಒಂದು ಸನ್ನೆಯೂ ಅವಳಿಗೆ ಅರ್ಥವಾಗಲಿಲ್ಲ. ಆ ಕೋಣೆಯಲ್ಲಿ ಕಿವುಡಿ ಅಂದರೆ ಅವಳೊಬ್ಬಳೇ.

ಕಿಟಕಿಯ ಹತ್ತಿರ ತಮ್ಮನಿದ್ದ. ಅವನ ಕೈಗಳು ಅವಳು ಎಂದೂ ಕಾಣದ ವೇಗದಲ್ಲಿ ಓಡುತ್ತಿದ್ದವು. ಎದುರಿದ್ದವನು ಅಡ್ಡ ಮಾತಾಡಿದ. ತಮ್ಮ ಅವನ ಕೈಯನ್ನು ಪಕ್ಕಕ್ಕೆ ತಳ್ಳಿ ತನ್ನ ಮಾತು ಮುಂದುವರಿಸಿದ. ವಾದ ಮಾಡುತ್ತಿದ್ದ! ಮನೆಯಲ್ಲಿ ಅವರಿಬ್ಬರ ಸನ್ನೆಗಳಲ್ಲಿ ವಾದ ಮಾಡುವಷ್ಟು ಮಾತೇ ಇರಲಿಲ್ಲ.

ಅವನು ಅವಳನ್ನು ಕಂಡ. ಕೈಗಳು ಗಾಳಿಯಲ್ಲೇ ನಿಂತವು.

ಅವಳು ಎದುರು ಕೂತು ಕೈಯೆರಡನ್ನೂ ಮಾಡಿನಂತೆ ಜೋಡಿಸಿ ಎದೆಯತ್ತ ಎಳೆದುಕೊಂಡಳು. ಮನೆಗೆ ಬಾ. ಅವನು ತಲೆಯಾಡಿಸಿದ, ಇಲ್ಲ. ತಪ್ಪಾಯಿತು ಅನ್ನಬೇಕು. ಹೇಗೆ? ಅವರ ಇನ್ನೂರು ಸನ್ನೆಗಳಲ್ಲಿ ಅದೊಂದಿರಲಿಲ್ಲ. ಬಾ, ಉಣ್ಣು, ಬೇಡ, ಬಾಗಿಲು ಹಾಕು, ತಲುಪಿಸಿ ಬಾ, ಬೇಗ. ಹೆಚ್ಚಿನವೆಲ್ಲ ಅಪ್ಪಣೆಗಳೇ. ಅವಳ ಬೆರಳುಗಳು ಗಾಳಿಯಲ್ಲಿ ತಡಕಾಡಿ ಸೋತವು.

ಕೌಂಟರಿನಲ್ಲಿದ್ದ ಹೋಟ್ಲಿನವರ ಮಗಳು ಬಂದಳು. ಅಪ್ಪ ಅಮ್ಮ ಇಬ್ಬರೂ ಕಿವುಡರಾದರೂ ಅವಳಿಗೆ ಕಿವಿಯಿತ್ತು, ಮಾತಿತ್ತು.

"ನೀವು ಬಾಯಲ್ಲಿ ಹೇಳಿ ಅಕ್ಕ. ನಾನು ಕೈಯಲ್ಲಿ ಹೇಳ್ತೀನಿ."

ತನಗೂ ತಮ್ಮನಿಗೂ ನಡುವೆ ಇನ್ನೊಬ್ಬಳು! ಮೊದಲು ಕೋಪವೇ ಬಂತು. ಬೇರೆ ದಾರಿಯಿರಲಿಲ್ಲ. "ತಪ್ಪಾಯ್ತು ಅಂತ ಹೇಳಮ್ಮ. ಗೋಡೆ ಹಾಳು ಮಾಡಿದ್ದು ತಪ್ಪಾಯ್ತು. ಬೇರೆ ಮನೆ ನೋಡ್ತೀನಿ, ಎಷ್ಟು ಗೋಡೆ ಬೇಕೋ ಅಷ್ಟು ಬರೀಲಿ ಅನ್ನು."

ಹುಡುಗಿ ಹೇಳಿದಳು. ತಮ್ಮ ತುಂಬ ಹೊತ್ತು ಉತ್ತರಿಸಿದ. ಹುಡುಗಿ ಮೆಲ್ಲಗೆ ಶುರುಮಾಡಿದಳು.

"ಗೋಡೆಗೆ ಸಿಟ್ಟಿಲ್ಲವಂತೆ. ಅದು ಇನ್ನೊಬ್ಬರ ಗೋಡೆ, ಒಂದಿನ ಹೋಗೋದೇ ಅಂತ ಗೊತ್ತಿತ್ತಂತೆ. ಆದ್ರೆ ನೀವು ಅವರನ್ನ ಹೊರಗೆ ಕಳಿಸಿ ಹೊಡೆಸಿದ್ರಂತೆ. ಮೊದ್ಲೇ ಕೇಳಬಹುದಿತ್ತಂತೆ." ಹುಡುಗಿ ಮಾತು ನಿಲ್ಲಿಸಿ ತಮ್ಮನ ಕೈ ನೋಡಿದಳು. "ನಂಗೆ ಕಿವಿ ಕೇಳ್ಸಲ್ಲ, ಸರಿ. ಅಕ್ಕ ಯಾಕೆ ನನ್ನ ಕೇಳಲ್ಲ, ಅಂತಿದಾರೆ. ಶಾಲೆ ಬಿಡಿಸಿದಾಗ್ಲೂ ಕೇಳಿಲ್ಲವಂತೆ. ಅಲ್ಲಿ ನಾಲ್ಕು ದಿನ ಅವರಿಗೆ ತುಂಬಾ ಸಂತೋಷವಾಗಿತ್ತಂತೆ."

ಜಿಪ್ಪಕ್ಕ ಮೇಜಿನಾಚೆ ಬಾಗಿ ಅವನ ಎರಡೂ ಮಣಿಕಟ್ಟು ಹಿಡಿದುಕೊಂಡಳು. "ಬಾರೋ ಮನೆಗೆ. ನಿನ್ನ ಬಿಟ್ಟು ನಾನೇನು ಮಾಡ್ಲಿ? ನನಗ್ಯಾರಿದಾರೋ? ಬಾರೋ..."

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿದ. ಅಲ್ಲಿಗೆ ಅವಳ ಮಾತೆಲ್ಲ ಹೊರಗುಳಿಯಿತು. ಸುತ್ತಲಿನ ಮೇಜುಗಳಲ್ಲಿ ಕೈಗಳು ಒಂದೊಂದಾಗಿ ನಿಂತು, ಕೋಣೆ ನಿಜವಾಗಿ ನಿಶ್ಶಬ್ದವಾಯಿತು.

"ಅಕ್ಕಾ," ಹುಡುಗಿ ಅವಳ ಭುಜ ಮುಟ್ಟಿದಳು. "ಕೈ ಬಿಡಿ. ಅವರು ಮಾತಾಡ್ಬೇಕು."

ಅವಳಿಗೆ ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಬಿಸಿ ಇಸ್ತ್ರಿ ಮುಟ್ಟಿದವಳ ಹಾಗೆ ಕೈ ತೆಗೆದಳು. ತಮ್ಮ ಕಣ್ಣು ತೆರೆದು ಒಂದೇ ಒಂದು ಮಾತು ಹೇಳಿದ. ಹುಡುಗಿ ಅನುವಾದಿಸಬೇಕಾಗಲಿಲ್ಲ. ಬರಲ್ಲ.

ಆ ದಿನ ಅವಳು ಮನೆಗೆ ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಓಣಿಯವರಿಗೆ "ಕೆಲಸ ಸಿಕ್ತು ಅವನಿಗೆ, ಅಲ್ಲೇ ಇರ್ತಾನೆ" ಅಂದಳು. ಹೌದೇ, ಪರವಾಗಿಲ್ಲವೇ ಅಂದರು ಅವರು. ಮಿಷನ್ ತುಳಿಯುತ್ತಿದ್ದವಳು ಥಟ್ಟನೆ ನಿಲ್ಲಿಸಿ ಒಳಕೋಣೆಯತ್ತ ಕಿವಿಗೊಡುತ್ತಿದ್ದಳು. ಮಾತಿಲ್ಲದವನು ಮನೆಯಲ್ಲಿ ಎಷ್ಟು ಸದ್ದು ಮಾಡುತ್ತಿದ್ದ ಅಂತ ಈಗ ತಿಳಿಯುತ್ತಿತ್ತು. ಚಮಚ ಬಡಿಯುವುದು, ಸ್ಟೂಲು ಎಳೆಯುವುದು, ಬಾಟಲಿ ಉರುಳಿಸುವುದು. ಎರಡು ವಾರ ಯಾರ ಜಿಪ್ಪೂ ಗುರುವಾರಕ್ಕೆ ಸಿದ್ಧವಾಗಲಿಲ್ಲ. ಬಿಳಿ ಗೋಡೆಯ ಕೋಣೆಗೆ ಬಾಗಿಲು ಹಾಕಿಬಿಟ್ಟಳು.

ಮೂರನೇ ವಾರ ಮತ್ತೆ ಆ ಕಬ್ಬಿಣದ ಮೆಟ್ಟಿಲು ಹತ್ತಿದಳು. ತಮ್ಮ ಅವಳನ್ನು ನೋಡಿ, ಕಂಡೆ ಅನ್ನುವಂತೆ ತಲೆಯಾಡಿಸಿದನಷ್ಟೆ, ತನ್ನ ಮೇಜು ಬಿಟ್ಟು ಬರಲಿಲ್ಲ. ಅವಳು ಕೌಂಟರಿನ ಬಳಿ ಹೋಗಿ, "ನಂಗೂ ಕಲಿಸ್ತೀಯೇನಮ್ಮ?" ಅಂದಳು.

ಐವತ್ತೆರಡು ವರ್ಷದ ಬೆರಳು, ಅದೂ ಮೂವತ್ತು ವರ್ಷ ಸೂಜಿ ಹಿಡಿದು ಬಗ್ಗಿದ್ದು. ಮೊದಲು ಕಲಿತದ್ದು ತಪ್ಪಾಯಿತು ಅನ್ನುವುದನ್ನೇ. ಧೈರ್ಯ ಮಾಡಿ ತಮ್ಮನ ಮುಂದೆ ನಿಂತು ಮಾಡಿದಳು. ಏನು ಎಡವಟ್ಟಾಯಿತೋ, ಪಕ್ಕದಲ್ಲಿದ್ದ ಹೆಂಗಸು ತನ್ನ ತಟ್ಟೆಯನ್ನೇ ಅವಳ ಮುಂದೆ ಸರಿಸಿದಳು. ಹಸಿವಾಗಿದೆ ಅಂದಿದ್ದಳಂತೆ. ಮೇಜಿನವರೆಲ್ಲ ನಕ್ಕರು. ತಮ್ಮ ನಗಲಿಲ್ಲ. ಅವಳ ಹೆಬ್ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ತಿರುಗಿಸಿ, ಮತ್ತೆ ತನ್ನ ಮಾತಿಗೆ ಹೋದ.

ಹೀಗೆ ನಾಲ್ಕು ತಿಂಗಳಾಯಿತು. ವಾರಕ್ಕೆರಡು ದಿನ ಹೋಗುತ್ತಿದ್ದಳು. ಕೆಲವು ದಿನ ಅವನು ಇರುತ್ತಿರಲಿಲ್ಲ. ಕೆಲವು ದಿನ ಇದ್ದೂ ಅವಳತ್ತ ನೋಡುತ್ತಿರಲಿಲ್ಲ. ಮನೆಯ ಮಾತು ಇಬ್ಬರೂ ಎತ್ತಲಿಲ್ಲ.

ಒಂದು ಮಧ್ಯಾಹ್ನ ಅವನು ತಾನಾಗಿಯೇ ಬಂದು ಅವಳ ಎದುರು ಕೂತ. ಏನೋ ಹೇಳಿದ. ಮರ, ಮುಂದಿನ ತಿಂಗಳು, ಇಷ್ಟೇ ಅವಳಿಗೆ ಸಿಕ್ಕಿದ್ದು. ಹುಡುಗಿಯತ್ತ ತಿರುಗಿದಳು. ಹುಡುಗಿ ಫೋನಿನಲ್ಲಿದ್ದಳು. ಜಿಪ್ಪಕ್ಕನೇ ತಮ್ಮನಿಗೆ ಇನ್ನೊಮ್ಮೆ ಅಂತ ಕೈ ಮಾಡಿದಳು. ಅವನು ಇನ್ನೊಮ್ಮೆ ಹೇಳಿದ. ಮತ್ತೆ ತಪ್ಪಿಹೋಯಿತು. ಇನ್ನೊಮ್ಮೆ. ಅವನು ತಾಳ್ಮೆಯಿಂದ, ಒಂದೊಂದನ್ನೂ ಬಿಡಿಸಿಟ್ಟು ಹೇಳಿದ. ಚೌಕಟ್ಟಿನ ಕಾರ್ಖಾನೆ ಮುಂದಿನ ತಿಂಗಳು ಬೇರೆ ಊರಿಗೆ ಹೋಗುತ್ತಿದೆ. ಮಾಲೀಕ ಕರೆದಿದ್ದಾನೆ. ನಾನೂ ಹೋಗುತ್ತೇನೆ.

ಪೂರ್ತಿ ಅರ್ಥವಾಯಿತು. ನಡುವೆ ಯಾರೂ ಇಲ್ಲದೆ, ತಮ್ಮನ ಬಾಯಿಂದಲೇ ಕೇಳಿದಂತೆ. ಇಂಥದ್ದೇ ಮೊದಲು ಅರ್ಥವಾಗಬೇಕಿತ್ತೇ ಅನ್ನಿಸಿತು. ಬೇಡ ಅನ್ನುವ ಹಳೆಯ ಸನ್ನೆಗೆ ಕೈ ತಾನಾಗಿಯೇ ಎದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಮೇಜಿನ ಮೇಲೆ ಒತ್ತಿಟ್ಟುಕೊಂಡಳು. ಅವನು ಕಾಯುತ್ತಿದ್ದ.

ತಡವರಿಸುತ್ತಾ, ಒಂದೊಂದೇ ಸನ್ನೆ ಹುಡುಕಿ ಜೋಡಿಸಿ ಕೇಳಿದಳು: ಅಲ್ಲಿಗೆ, ನಾನು, ನೋಡಲು, ಬರಬಹುದಾ?

ತಮ್ಮ ಅವಳ ಕೈಗಳನ್ನೇ ನೋಡುತ್ತಾ ಕೂತ. ಯೋಚನೆ ಮಾಡಿ ಹೇಳ್ತೀನಿ ಅಂದ.

ಆಗಲಿ ಅಂದಳು ಅವಳು. ಅವನು ಎದ್ದು ಕೆಲಸಕ್ಕೆ ಹೋದ.